ಅಳಿವೆಯ ಬಳಿಯ ಪ್ರಸ್ತಾವಿತ ರಸ್ತೆ ಸೇತುವೆ: ಆಕ್ಷೇಪಣೆ ಸಲ್ಲಿಸುವ ಮೊದಲು ಊರವರ ಚರ್ಚೆ

ಅಳಿವೆಕರೆ:

ನಮ್ಮ ನಗರಸಭೆಯು ಹೊಳೆಯ ಅಳಿವೆಗೆ ಹತ್ತಿರದಲ್ಲಿ, ಮೀನು ಮಾರುಕಟ್ಟೆ ರಸ್ತೆಯ ತುದಿಯಿಂದ ಆಚೆದಡದ ಕರಾವಳಿ ರಸ್ತೆಯನ್ನು ಸೇರುವಂತೆ, ಎರಡು ಪಥದ ಸೇತುವೆಯೊಂದನ್ನು ಕಟ್ಟಿಸಲು ಹೊರಟಿರುವುದು ಇಲ್ಲಿನ ಬಹುಪಾಲು ಸದಸ್ಯರಿಗೆ ಗೊತ್ತಿರುವ ಸಂಗತಿ. ಬೈಲಿನ ಬದುಗಳಲ್ಲಿಯೂ ಕೆಲವರ ಕಂಗಿನ (ಅಡಿಕೆಯ) ತೋಟಗಳಲ್ಲಿಯೂ ಈಗಾಗಲೇ ಕೆಂಪು ಬಣ್ಣ ಬಳಿದ ಗೂಟಗಳು ಕಾಣಿಸಿಕೊಂಡಿವೆ. ಅವುಗಳನ್ನು ನೆಟ್ಟವರು ಯಾರು, ಯಾವ ನಕ್ಷೆಯನ್ನು ನೋಡಿ ನೆಟ್ಟರು ಎಂದು ಕೇಳಿದರೆ ತೋಟದ ಯಜಮಾನರಿಗೇ ತಿಳಿಯದು. ಕಾಗದಪತ್ರಗಳನ್ನು ತೋರಿಸುವ ಮೊದಲೇ ಜಾಗವನ್ನು ಗುರುತಿಸಿ ಮುಗಿಸುವ ಈ ಕ್ರಮವನ್ನು ಒಪ್ಪಿಕೊಳ್ಳಲು ಸಾಧ್ಯವಿಲ್ಲವೆಂದು ನಮ್ಮ ವಾರ್ಡಿನ ಅನೇಕರು ಅಭಿಪ್ರಾಯಪಟ್ಟಿರುವುದರಿಂದ, ಲಿಖಿತ ಆಕ್ಷೇಪಣೆಯನ್ನು ಸಿದ್ಧಪಡಿಸುವ ಮುನ್ನ ಎಲ್ಲರ ಮಾತನ್ನೂ ಕೇಳಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ನಮ್ಮ ವಿರೋಧ ಯಾವುದಕ್ಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಳೆಗೆ ಇನ್ನೊಂದು ಸೇತುವೆ ಬೇಡವೆಂದು ಯಾರೂ ಹೇಳುತ್ತಿಲ್ಲ. ಈ ಜಾಗದಲ್ಲಿ, ಬೈಲಿನ ನಡುವೆ ಎತ್ತರದ ಮಣ್ಣಿನ ಏರಿಯನ್ನು ಹಾಕಿ, ಕುದ್ರುವಿನ (ಹೊಳೆಯ ನಡುಗಡ್ಡೆಯ) ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನು ಸೀಳಿಕೊಂಡು ಹೋಗುವ ಸೇತುವೆ ಬೇಡ ಎಂಬುದಷ್ಟೇ ನಮ್ಮ ವಾದ. ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರ, ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿಯಿಂದ ತೊಡಗಿ ದಕ್ಷಿಣದ ಕಾರ್ಯಂಗೋಡು, ಕವ್ವಾಯಿಯವರೆಗೆ 12 ಹೊಳೆಗಳಿವೆ. ಕೇರಳದ 44 ನದಿಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ನಮ್ಮ ಈ ಪುಟ್ಟ ಜಿಲ್ಲೆಯ ಪಾಲಿಗೇ ಬಂದಿವೆ. ಇವುಗಳಲ್ಲಿ ಹೆಚ್ಚಿನವು ಗಿಡ್ಡ ಹೊಳೆಗಳು. ಮಂಜೇಶ್ವರದ ಹೊಳೆಯ ಉದ್ದ 16 ಕಿಲೋಮೀಟರ್ ಮಾತ್ರ. ಆಟಿ ತಿಂಗಳಲ್ಲಿ ಮೇಲಣ ಗುಡ್ಡಗಳಲ್ಲಿ ರಾತ್ರಿ ಸುರಿದ ಮಳೆ ಮರುದಿನ ಹೊತ್ತೇರುವುದರೊಳಗೆ ಅಳಿವೆಯಲ್ಲಿರುತ್ತದೆ. ಅದೇ ಹೊತ್ತಿಗೆ ಸಮುದ್ರದಲ್ಲಿ ಭರತವಿದ್ದರೆ ಆ ನೀರು ಮುಂದೆ ಹೋಗಲಾರದೆ ನಮ್ಮ ಬೈಲಿನಲ್ಲಿ ಹರಡಿಕೊಂಡು, ಇಳಿತ ಶುರುವಾದ ಮೇಲೆ ತೋಡುಗಳ ಮೂಲಕ ಹಿಂದಿರುಗುತ್ತದೆ. ಹೀಗೆ ಹರಡಿಕೊಳ್ಳಲು ಜಾಗವಿರುವುದರಿಂದಲೇ ಹಳೆಯ ಮನೆಗಳು ಇಂದಿಗೂ ನಿಂತಿವೆ. ಆ ಜಾಗದ ನಡುವೆ ಏರಿ ಎದ್ದರೆ ನೀರು ಯಾವ ಕಡೆಗೆ ಹೋಗಬೇಕು ಎಂಬ ಪ್ರಶ್ನೆಗೆ ಇದುವರೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಇಳಿತದ ಹೊತ್ತಿಗೆ ಕುದ್ರುವಿನ ಪಕ್ಕದಲ್ಲಿ ಸೊಂಟದಮಟ್ಟ ನೀರಿನಲ್ಲಿ ನಿಂತು, ಕಾಲ್ಬೆರಳುಗಳಿಂದಲೇ ತಳವನ್ನು ತಡವಿ ಮರುವಾಯಿ (ತಿನ್ನುವ ಚಿಪ್ಪು) ಹೆಕ್ಕುವ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಅಲ್ಯೂಮಿನಿಯಂ ಚರಿಗೆಯನ್ನು ಹಗ್ಗದಿಂದ ಸೊಂಟಕ್ಕೆ ಕಟ್ಟಿಕೊಂಡಿರುತ್ತಾರೆ. ಚರಿಗೆ ತುಂಬಿದಂತೆ ನೀರಿನಲ್ಲಿ ತಗ್ಗುತ್ತ ಹೋಗುತ್ತದೆ. ಗೂಟಗಳ ಸಾಲನ್ನು ನೇರವಾಗಿ ಎಳೆದರೆ ಸೇತುವೆಯ ಕಂಬಗಳು ಬೀಳುವುದು ಅದೇ ಹಾಸಿನ ಮೇಲೆ. ಅವರಿಗೆ ಆ ಜಾಗದ ಪಟ್ಟೆ (ಹಕ್ಕುಪತ್ರ) ಇಲ್ಲ, ಆದ್ದರಿಂದ ಭೂಮಿ ಕಳೆದುಕೊಳ್ಳುವವರ ಪಟ್ಟಿಯಲ್ಲಿ ಅವರ ಹೆಸರು ಬರುವುದೂ ಇಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವ ವಿಷಯ.

ಸೇತುವೆ ಬೇಕೆನ್ನುವವರು ದಯವಿಟ್ಟು ಸುಮ್ಮನಿರದೆ ಬರೆಯಬೇಕು.

ಆಚೆದಡ:

ಬೇಕೆನ್ನುವವರು ಬರೆಯಬೇಕೆಂದು ಕೇಳಿದ್ದೀರಿ, ಬರೆಯುತ್ತಿದ್ದೇನೆ. ನಾನು ಹೊಳೆಯ ಆಚೆಯ ದಡದವನು. ನಮ್ಮ ಕಡೆ ಹೈಸ್ಕೂಲಿಲ್ಲ, ರಾತ್ರಿ ತೆರೆದಿರುವ ಔಷಧದಂಗಡಿಯಿಲ್ಲ, ಹೆರಿಗೆ ಆಸ್ಪತ್ರೆಯಿಲ್ಲ. ಕಡವಿನ ದೋಣಿ ಮಳೆಗಾಲದಲ್ಲಿ ಸೆಳೆತ ಹೆಚ್ಚಾದ ದಿನ ಹೊರಡುವುದಿಲ್ಲ, ಹೊರಡಬಾರದು ಕೂಡ. ಆಗ ಎದುರಿಗೆ ಕಾಣುವ ಪೇಟೆಯನ್ನು ತಲುಪಲು ನಾವು ಒಳರಸ್ತೆಯಿಂದ ಹೆದ್ದಾರಿಗೆ ಹೋಗಿ, ಹಳೆಯ ಸೇತುವೆಯನ್ನು ದಾಟಿ, ಪೇಟೆಯ ದಟ್ಟಣೆಯನ್ನು ನುಗ್ಗಿ ಬರಬೇಕು. 2020ರ ಕೋವಿಡ್ ಲಾಕ್‌ಡೌನಿನಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾಗದೆ ನಮ್ಮ ಜಿಲ್ಲೆಯ ರೋಗಿಗಳು ಪ್ರಾಣ ಕಳೆದುಕೊಂಡದ್ದನ್ನು ಇಡೀ ದೇಶ ನೋಡಿತು. ದಾರಿ ಇಲ್ಲದಿರುವುದೆಂದರೆ ಏನು ಎಂಬುದನ್ನು ಕಾಸರಗೋಡಿನವರಿಗೆ ಬೇರೆಯಾಗಿ ವಿವರಿಸಬೇಕಾಗಿಲ್ಲ. ನಮ್ಮ ದಡದಲ್ಲಿ ಆ ಪರಿಸ್ಥಿತಿ ಪ್ರತಿ ಮಳೆಗಾಲದಲ್ಲಿಯೂ ಒಂದಿಷ್ಟು ದಿನ ಇರುತ್ತದೆ.

ಬೈಲಿನ ನೀರಿನ ಬಗ್ಗೆ ನೀವು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ವಿರೋಧಿಸುತ್ತಿರುವ ಹೆಚ್ಚಿನವರ ಮನೆಗಳು ಆಸ್ಪತ್ರೆಯಿರುವ ದಡದಲ್ಲಿಯೇ ಇವೆ ಎಂಬುದನ್ನು ಆಕ್ಷೇಪಣೆ ಬರೆಯುವಾಗ ನೆನಪಿಡಬೇಕು. ನಮ್ಮ ತಂದೆಯವರ ಕಾಲದಿಂದಲೂ ಕೇಳುತ್ತಿದ್ದ ಸೇತುವೆ ಕೊನೆಗೂ ಕಾಗದದ ಮೇಲೆ ಬಂದಿರುವಾಗ ಅದನ್ನು ತಡೆದರೆ, ಇನ್ನೊಮ್ಮೆ ಅದು ಕಾಗದಕ್ಕೆ ಬರುವುದು ಯಾವಾಗ?

ಅಳಿವೆಕರೆ:

ನಿಮ್ಮ ಪ್ರಶ್ನೆಗೆ ಉತ್ತರಿಸದೆ ನಾವು ಮುಂದೆ ಹೋಗುವಂತಿಲ್ಲ. ಆಚೆದಡದವರ ಸಹಿಯಿಲ್ಲದ ಆಕ್ಷೇಪಣೆಗೆ ನೈತಿಕವಾಗಿ ಬಲವಿರುವುದಿಲ್ಲವೆಂದೇ ನನ್ನ ಅಭಿಪ್ರಾಯ. ಸೇತುವೆಗಳ ಕೆಲಸದಲ್ಲಿ ಅನುಭವವಿರುವ ಸದಸ್ಯರೊಬ್ಬರು ನಮ್ಮ ನಡುವೆ ಇದ್ದಾರೆ. ಬೇರೆ ಜಾಗ ಸಾಧ್ಯವೇ ಎಂಬುದನ್ನು ಅವರು ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಮುರಕಲ್ಲು:

ನಾನು ಸೇತುವೆಗಳ ಕೆಲಸದಿಂದ ನಿವೃತ್ತನಾದವನು. ಪ್ರಸ್ತಾವದ ನಕ್ಷೆಯನ್ನು ಯಾರೂ ಬಹಿರಂಗಪಡಿಸಿಲ್ಲವಾದ್ದರಿಂದ ಗೂಟಗಳ ಸಾಲನ್ನು ನಡೆದು ನೋಡಿ ಅರ್ಥವಾದಷ್ಟನ್ನು ಬರೆಯುತ್ತೇನೆ.

ಸೇತುವೆಯೆಂದರೆ ಜನರ ಕಣ್ಣಿಗೆ ಬೀಳುವುದು ನೀರಿನ ಮೇಲಿನ ಭಾಗ. ಹೊಳೆಗೆ ತೊಂದರೆ ಕೊಡುವುದು ಹೆಚ್ಚಾಗಿ ಅದರ ಎರಡೂ ಬದಿಯ ಕೂಡುರಸ್ತೆ. ಕಂಬಗಳ ಮೇಲೆ ಹಾಸುವ ಒಂದು ಮೀಟರ್ ಸೇತುವೆಗೆ ತಗಲುವ ಖರ್ಚಿಗೆ ಹೋಲಿಸಿದರೆ ಮಣ್ಣು ತುಂಬಿ ಎತ್ತರಿಸುವ ಒಂದು ಮೀಟರ್ ಏರಿಗೆ ತಗಲುವುದು ತೀರ ಕಡಿಮೆ. ಹೀಗಾಗಿ ಅಂದಾಜುಪಟ್ಟಿಯ ಮೊತ್ತವನ್ನು ಇಳಿಸಬೇಕಾದಾಗ ಮೊದಲು ಕತ್ತರಿ ಬೀಳುವುದು ಸೇತುವೆಯ ಉದ್ದಕ್ಕೆ. ಉಳಿದದ್ದನ್ನು ಮಣ್ಣಿನಿಂದ ತುಂಬಿಸುತ್ತಾರೆ. ಬೇಸಿಗೆಯಲ್ಲಿ ಹೊಳೆಯ ಅಗಲ ಎಷ್ಟಿದೆಯೋ ಅಷ್ಟನ್ನೇ ಅಳೆದು, ಬೈಲನ್ನು ಒಣನೆಲವೆಂದು ಲೆಕ್ಕ ಹಾಕಿದರೆ, ಮಳೆಗಾಲದಲ್ಲಿ ಬೈಲಿನ ಮೇಲೆ ಹರಿಯುವ ಅಷ್ಟೂ ನೀರು ಕಂಬಗಳ ನಡುವಿನ ಕಿರಿದಾದ ಜಾಗಕ್ಕೆ ಬಂದು ಸೇರಬೇಕಾಗುತ್ತದೆ. ಆಗ ಎರಡು ಪರಿಣಾಮಗಳಾಗುತ್ತವೆ. ಸೇತುವೆಯ ಮೇಲುಭಾಗದಲ್ಲಿ ನೀರಿನ ಮಟ್ಟ ಉಬ್ಬುತ್ತದೆ. ಅಳಿವೆಯಂಥ ತಗ್ಗಾದ, ಸಮತಟ್ಟು ನೆಲದಲ್ಲಿ ಅರ್ಧ ಅಡಿ ಉಬ್ಬಿದರೂ ಅದು ಬಹಳ ಹಿಂದಿನವರೆಗೆ ವ್ಯಾಪಿಸುತ್ತದೆ. ಎರಡನೆಯದಾಗಿ, ಕಿರಿದಾದ ಜಾಗದಲ್ಲಿ ನೀರಿನ ವೇಗ ಹೆಚ್ಚುವುದರಿಂದ ತಳದ ಮರಳು ಕೊರೆದು ಹೋಗುತ್ತದೆ. ಅಡಿಪಾಯಗಳ ಬಗೆಗಿನ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 78ನೆಯ ಸಂಹಿತೆಯು, ಲೆಕ್ಕಕ್ಕೆ ಸಿಗುವ ಸರಾಸರಿ ಕೊರೆತದ ಆಳವನ್ನು ಕಂಬದ ಬಳಿ ಎರಡು ಪಟ್ಟು ಮಾಡಿಯೂ, ದಡದ ಆಧಾರಗೋಡೆಯ ಬಳಿ 1.27 ಪಟ್ಟು ಮಾಡಿಯೂ ವಿನ್ಯಾಸ ಮಾಡಬೇಕೆನ್ನುತ್ತದೆ. ಈ ಎಚ್ಚರಿಕೆಯಿಂದ ಸೇತುವೆಗೆ ರಕ್ಷಣೆ ಸಿಗುತ್ತದೆ. ಪಕ್ಕದ ಕುದ್ರುವಿನ ಅಂಚಿಗೂ ಮರುವಾಯಿಯ ಹಾಸಿಗೂ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಇದಕ್ಕಿಂತಲೂ ನನಗೆ ಭಯವಿರುವುದು ಕಾಮಗಾರಿಯ ವರ್ಷಗಳ ಬಗ್ಗೆ. ಪೈಲಿಂಗ್ ಯಂತ್ರವನ್ನು ನಡುಹೊಳೆಗೆ ಒಯ್ಯಲು ಗುತ್ತಿಗೆದಾರರು ಕೆಂಪುಮಣ್ಣು ಸುರಿದು ತಾತ್ಕಾಲಿಕ ದಂಡೆ ಕಟ್ಟುತ್ತಾರೆ. ಮೇ ತಿಂಗಳೊಳಗೆ ಅದನ್ನು ಪೂರ್ತಿ ತೆಗೆಯಬೇಕೆಂಬ ಷರತ್ತು ಕರಾರಿನಲ್ಲಿ ಇದ್ದರೂ, ಕೆಲಸ ಅರ್ಧಕ್ಕೆ ನಿಂತಾಗ ಒಂದು ಕಂಡಿ ಬಿಟ್ಟು ಉಳಿದದ್ದನ್ನು ಹಾಗೆಯೇ ಉಳಿಸುವುದನ್ನು ನನ್ನ ಸೇವೆಯ ಅವಧಿಯಲ್ಲಿ ಕಂಡಿದ್ದೇನೆ. ಜೂನ್ ತಿಂಗಳ ಮೊದಲ ನೆರೆಗೆ ಆ ಮಣ್ಣೆಲ್ಲ ಅಳಿವೆಯ ಬಾಯಿಯಲ್ಲಿ ಹೋಗಿ ಕೂರುತ್ತದೆ. ಮೊದಲೇ ಮರಳುದಿಬ್ಬದಿಂದ ಕಿರಿದಾಗುವ ಅಳಿವೆಗೆ ಇದೂ ಸೇರಿದರೆ ನೆರೆ ಬೈಲಿನಿಂದ ಇಳಿಯುವುದು ಎಷ್ಟು ತಡವಾಗಬಹುದೆಂದು ಯೋಚಿಸಿ.

ಬೇರೆ ಜಾಗದ ಬಗ್ಗೆ: ಹಳೆಯ ಸೇತುವೆಗಿಂತ ಕೆಳಗೆ, ಅಳಿವೆಗಿಂತ ಮೇಲೆ, ಹೊಳೆ ತಿರುಗುವಲ್ಲಿ, ಎರಡೂ ದಡಗಳಲ್ಲಿ ಮುರಕಲ್ಲಿನ (ಜಂಬಿಟ್ಟಿಗೆಯ) ಎತ್ತರದ ನೆಲವಿದೆ. ಅಲ್ಲಿ ಬೈಲಿಲ್ಲ, ಏರಿಯ ಅಗತ್ಯವೂ ಅಷ್ಟಾಗಿ ಬೀಳುವುದಿಲ್ಲ, ಹೊಳೆಯ ಪಾತ್ರ ಕಿರಿದು. ಆಚೆದಡದವರಿಗೆ ಅಳಿವೆಯ ಸೇತುವೆಗಿಂತ ಸ್ವಲ್ಪ ಸುತ್ತಾಗುತ್ತದೆ, ಈಗಿನ ಸುತ್ತಿಗಿಂತ ಬಹಳ ಕಡಿಮೆಯಾಗುತ್ತದೆ. ಬೋರ್‌ಹೋಲ್ ತೆಗೆದು (ನೆಲ ಕೊರೆದು) ನೋಡದೆ ಇದೇ ಸರಿ ಎಂದು ನಾನು ಹೇಳಲಾರೆ. ಆದರೆ ಆ ಜಾಗವನ್ನು ಪರಿಶೀಲಿಸಿದ್ದೀರಾ ಎಂದು ಕೇಳುವ ಹಕ್ಕು ನಮಗಿದೆ.

ಬೈಲುಮನೆ:

ನಾವು ತೋಟದವರು. ಕೆಂಪು ಗೂಟಗಳಲ್ಲಿ ಎರಡು ನಮ್ಮ ಕಂಗುಗಳ ನಡುವೆಯೇ ಇವೆ. ಮುರಕಲ್ಲು ಅವರು ಹೇಳಿದ ನೀರಿನ ಉಬ್ಬುವಿಕೆ ಹೇಗಿರುತ್ತದೆಂಬುದಕ್ಕೆ ನಮ್ಮ ಮನೆಯ ಜಗಲಿಯ ಕಂಬವೇ ಸಾಕ್ಷಿ. 2019ರ ಆಗಸ್ಟ್ ನೆರೆಯ ನೀರು ನಿಂತ ಮಟ್ಟದಲ್ಲಿ ಸುಣ್ಣದ ಮೇಲೆ ಕಂದುಬಣ್ಣದ ಗೆರೆ ಬಿದ್ದಿತ್ತು. ಮನೆಯವರು ಮರುವರ್ಷ ಸುಣ್ಣ ಬಳಿಯುವಾಗ ಆ ಗೆರೆಯ ಜಾಗದಲ್ಲಿ ಮೊಳೆಯಿಂದ ಗೀಚಿ ಗುರುತು ಉಳಿಸಿದರು. ಜಗಲಿಯಿಂದ ಮೂರನೆಯ ಮೆಟ್ಟಿಲಿನವರೆಗೆ ನೀರು ಬಂದು ನಿಲ್ಲುವುದು ನಮಗೆ ರೂಢಿಯಾದದ್ದೇ. ಜಗಲಿಯ ಮೇಲೆ ಏರಿದ್ದು ಆ ವರ್ಷ. ಏರಿ ಬಂದ ಮೇಲೆ ಆ ಗುರುತು ಎಲ್ಲಿಗೆ ಹೋದೀತೆಂದು ಲೆಕ್ಕ ಹಾಕಿದವರು ಯಾರಾದರೂ ಇದ್ದರೆ ಬಂದು ನಮ್ಮ ಕಂಬದ ಮೇಲೆಯೇ ತೋರಿಸಲಿ.

ಇನ್ನೊಂದು ವಿಷಯ ಉಪ್ಪುನೀರಿನದು. ನೆರೆಯ ಸಿಹಿನೀರು ಬೈಲಿನಲ್ಲಿ ನಿಂತು ಇಳಿದರೆ ಕಂಗಿಗೂ ತೆಂಗಿಗೂ ದೊಡ್ಡ ಹಾನಿಯಿಲ್ಲ. ಹಾನಿಯಾಗುವುದು ಬೇಸಿಗೆಯ ಭರತದಲ್ಲಿ ಉಪ್ಪುನೀರು ಒಳಬಂದು, ಹಿಂದೆ ಹೋಗಲು ದಾರಿಯಿಲ್ಲದೆ ನಿಂತರೆ. ಇಂದು ತೋಡಿನ ಬಾಯಿಗೆ ನಮ್ಮ ಹಿರಿಯರ ರೀತಿಯಲ್ಲೇ ಕಟ್ಟ ಹಾಕುತ್ತೇವೆ: ಮಳೆ ಕಡಿಮೆಯಾದ ಮೇಲೆ ಕಲ್ಲು, ಮಣ್ಣು, ಕಂಗಿನ ಸಲಾಕೆಗಳಿಂದ ಕಟ್ಟಿ, ಮಳೆಗಾಲಕ್ಕೆ ಮುಂಚೆ ಬಿಚ್ಚುತ್ತೇವೆ. ಯಾವಾಗ ಕಟ್ಟಬೇಕು, ಯಾವಾಗ ಬಿಚ್ಚಬೇಕು ಎಂಬುದನ್ನು ತೋಡಿನ ಎರಡೂ ಬದಿಯವರು ಕೂಡಿ ತೀರ್ಮಾನಿಸುತ್ತಾರೆ. ಏರಿಯ ಕೆಳಗೆ ಪೈಪು ಹಾಕಿ ಮೋರಿ ಮಾಡಿಕೊಡುತ್ತೇವೆ ಎಂದು ಹೇಳುವವರಿದ್ದಾರೆ. ಮೋರಿ ಹೂಳಿನಿಂದ ತುಂಬಿದರೆ ತೆಗೆಸುವುದು ಯಾರು? ಹೆದ್ದಾರಿಯ ಕೆಲಸದ ಹೊತ್ತಿಗೆ ಮುಚ್ಚಿಹೋದ ತೋಡುಗಳಿಂದಾಗಿ ಜಿಲ್ಲೆಯ ಎಷ್ಟೋ ಅಂಗಳಗಳಿಗೆ ನೀರು ನುಗ್ಗಿದ್ದನ್ನು ನೋಡಿದ ಮೇಲೂ ಆ ಮಾತನ್ನು ನಂಬಿ ಎಂದರೆ ಕಷ್ಟ.

ಉಪ್ಪುನೀರಿನ ಕಷ್ಟವನ್ನು ಪೇಟೆಯವರೂ ಅರಿಯದವರಲ್ಲ. ಪಯಸ್ವಿನಿಯ ಬಾವಿಕ್ಕೆರೆಯಲ್ಲಿ ಸ್ಥಿರವಾದ ಅಣೆಕಟ್ಟೆ 2021ರಲ್ಲಿ ಬಳಕೆಗೆ ಬರುವವರೆಗೆ, ಬೇಸಿಗೆ ಬಂದರೆ ಕಾಸರಗೋಡು ಪೇಟೆಯ ನಲ್ಲಿಗಳಲ್ಲಿ ಉಪ್ಪುನೀರು ಬರುತ್ತಿತ್ತು. ಹೊಳೆಯ ಹರಿವಿಗೆ ಕೈಹಾಕುವ ಮೊದಲು ಇಷ್ಟಾದರೂ ಯೋಚನೆ ಬೇಡವೇ.

ಪೇಟೆಬೀದಿ:

ವ್ಯಾಪಾರಿಗಳ ಪರವಾಗಿ ಒಂದೆರಡು ಮಾತು. ಸೇತುವೆಯಾದರೆ ಪೇಟೆಯ ದಟ್ಟಣೆ ಕಡಿಮೆಯಾಗುತ್ತದೆ ಎಂದು ನಗರಸಭೆಯ ಕಡೆಯಿಂದ ಹೇಳಲಾಗುತ್ತಿದೆ. ಮೀನು ಮಾರುಕಟ್ಟೆಯ ರಸ್ತೆಯಲ್ಲಿ ಎದುರುಬದುರಾಗಿ ಎರಡು ಬಸ್ಸುಗಳು ದಾಟಲಾರವು. ಹೆದ್ದಾರಿಯನ್ನು ತಪ್ಪಿಸಿಕೊಂಡು ಕರಾವಳಿಯ ಮೂಲಕ ಹೋಗಬೇಕೆನ್ನುವ ಲಾರಿಗಳೂ ಮೀನಿನ ಕಂಟೇನರ್‌ಗಳೂ ಹೊಸ ಸೇತುವೆಯಿಂದ ಇಳಿದು ನೇರವಾಗಿ ಬರುವುದು ಇದೇ ರಸ್ತೆಗೆ. ಮುಂದೆ ರಸ್ತೆ ಅಗಲಿಸಬೇಕೆಂದು ಅಂಗಡಿಗಳಿಗೆ ನೋಟೀಸು ಬರುತ್ತದೆ. ಆದ್ದರಿಂದ ಸೇತುವೆಯ ಪ್ರಸ್ತಾವದೊಂದಿಗೆ ಕೂಡುರಸ್ತೆಯ ಪೂರ್ಣ ನಕ್ಷೆಯನ್ನೂ ವಾಹನಗಳ ಎಣಿಕೆಯನ್ನೂ ಒಟ್ಟಿಗೆ ಕೊಡಬೇಕೆಂದು ಕೇಳಬೇಕು. ಅರ್ಧವನ್ನು ಈಗ ತೋರಿಸಿ ಇನ್ನರ್ಧವನ್ನು ಆಮೇಲೆ ತೋರಿಸುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಕಾಯಿದೆಪುಸ್ತಕ:

ನಾನು ಕಾನೂನು ಓದಿದವಳು. ನಮಗಿರುವ ಕಾನೂನಿನ ಅವಕಾಶಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಮ್ಮಲ್ಲಿ ಅನೇಕರಿಗೆ ರಾಷ್ಟ್ರೀಯ ಹೆದ್ದಾರಿ 66ರ ಭೂಸ್ವಾಧೀನದ ಅನುಭವವೇ ಮನಸ್ಸಿನಲ್ಲಿದೆ, ಮತ್ತು ಅದೇ ರೀತಿ ಇಲ್ಲಿಯೂ ನಡೆಯುತ್ತದೆ ಎಂಬ ನಿರಾಶೆಯಿದೆ.

ಹೆದ್ದಾರಿಗೆ ಭೂಮಿ ತೆಗೆದುಕೊಂಡದ್ದು 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ ಪ್ರಕಾರ. 2013ರ ಭೂಸ್ವಾಧೀನ ಕಾಯಿದೆಯ ನಾಲ್ಕನೆಯ ಅನುಸೂಚಿಯಲ್ಲಿ ಆ ಕಾಯಿದೆಯ ಹೆಸರಿರುವುದರಿಂದ, ಪರಿಹಾರದ ನಿಯಮಗಳು ಅನ್ವಯವಾದರೂ ಸಾಮಾಜಿಕ ಪರಿಣಾಮದ ಅಧ್ಯಯನ ಅಲ್ಲಿ ಕಡ್ಡಾಯವಾಗಿರಲಿಲ್ಲ. ಸ್ಥಳೀಯ ಸಂಸ್ಥೆಯ ಸೇತುವೆಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಖಾಸಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳಬೇಕಾದರೆ ಮೊದಲು ಸಾಮಾಜಿಕ ಪರಿಣಾಮದ ಅಧ್ಯಯನ ನಡೆಯಬೇಕು, ಬಾಧಿತ ಪ್ರದೇಶದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ವರದಿಯನ್ನು ಸ್ಥಳೀಯ ಭಾಷೆಯಲ್ಲಿ ಪ್ರಕಟಿಸಬೇಕು. ಆ ಅಧ್ಯಯನ ಉತ್ತರಿಸಲೇಬೇಕಾದ ಪ್ರಶ್ನೆಗಳನ್ನು ನಾಲ್ಕನೆಯ ಕಲಮೇ ಪಟ್ಟಿ ಮಾಡಿದೆ. ಕೇಳಿರುವ ಭೂಮಿ ಯೋಜನೆಗೆ ಬೇಕಾದ ಕನಿಷ್ಠ ಪ್ರಮಾಣದ್ದೇ, ಬೇರೆ ಜಾಗವನ್ನು ಪರಿಗಣಿಸಿ ಅದು ಸಾಧ್ಯವಿಲ್ಲವೆಂದು ಕಂಡುಕೊಳ್ಳಲಾಗಿದೆಯೇ ಎಂಬಿವೆರಡೂ ಆ ಪಟ್ಟಿಯಲ್ಲಿವೆ. ಮುರಕಲ್ಲು ಅವರು ಎತ್ತಿದ ಪ್ರಶ್ನೆಗೆ ಕಾನೂನಿನಲ್ಲಿಯೇ ನೆಲೆಯಿದೆ ಎಂಬುದನ್ನು ಗಮನಿಸಿ. ವರದಿಯನ್ನು ಪರಿಶೀಲಿಸುವ ತಜ್ಞರ ಸಮಿತಿಗೆ, ಸಾಮಾಜಿಕ ನಷ್ಟವು ಲಾಭಕ್ಕಿಂತ ಹೆಚ್ಚೆಂದು ಕಂಡರೆ ಯೋಜನೆಯನ್ನು ಕೈಬಿಡಬೇಕೆಂದು ಶಿಫಾರಸು ಮಾಡುವ ಅಧಿಕಾರವಿದೆ. ಅದನ್ನು ಮೀರಿ ಸರ್ಕಾರ ಮುಂದುವರಿಯಬೇಕಾದರೆ ಕಾರಣಗಳನ್ನು ಬರೆದಿಡಬೇಕು. ಪ್ರಾಥಮಿಕ ಅಧಿಸೂಚನೆ ಹೊರಟ ಮೇಲೆ ಭೂಮಿಯಲ್ಲಿ ಹಿತಾಸಕ್ತಿಯುಳ್ಳವರು ಆಕ್ಷೇಪಣೆ ಸಲ್ಲಿಸಲು 60 ದಿನಗಳ ಅವಕಾಶವಿದೆ. ಇನ್ನು ಮರುವಾಯಿ ಹೆಕ್ಕುವವರ ಮಾತು. ಈ ಕಾಯಿದೆಯ ಅರ್ಥದಲ್ಲಿ ಬಾಧಿತ ಕುಟುಂಬವೆಂದರೆ ಪಟ್ಟೆಯಿರುವವರು ಮಾತ್ರವಲ್ಲ. ಜೀವನೋಪಾಯಕ್ಕೆ ಜಲಮೂಲಗಳನ್ನು ಅವಲಂಬಿಸಿದ ಕುಟುಂಬಗಳೂ, ಮೀನುಗಾರರನ್ನು ಹೆಸರಿಸಿಯೇ, ಅದರಲ್ಲಿ ಸೇರಿವೆ. ಅಧ್ಯಯನದ ತಂಡ ಬಂದ ದಿನ ಆ ಹೆಂಗಸರು ಅಲ್ಲಿರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಕಾಂಡ್ಲಾ ಕಾಡಿಗೆ ಸಂಬಂಧಿಸಿ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯನ್ನು ನೋಡಬೇಕು. ಅದರ ಪ್ರಕಾರ ರೂಪಿಸಿದ ಕೇರಳದ ಕರಾವಳಿ ನಕ್ಷೆಗೆ 2024ರಲ್ಲಿ ಕೇಂದ್ರದ ಒಪ್ಪಿಗೆ ದೊರೆತಿದೆ. ಕಾಂಡ್ಲಾ ಇರುವ ಜಾಗ ಅತಿಸೂಕ್ಷ್ಮ ವರ್ಗಕ್ಕೆ ಸೇರುತ್ತದೆ. ಅದು 1,000 ಚದರ ಮೀಟರ್‌ಗಿಂತ ಹೆಚ್ಚಿದ್ದರೆ ಸುತ್ತ 50 ಮೀಟರ್ ರಕ್ಷಣಾ ವಲಯವೂ ಇರಬೇಕು. ರಕ್ಷಣೆ, ಸಾರ್ವಜನಿಕ ಸೌಕರ್ಯ ಮುಂತಾದ ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಅಲ್ಲಿ ರಸ್ತೆಗೆ ಅನುಮತಿ ಸಿಗಬಹುದು, ಮತ್ತು ನಾಶವಾದ ಕಾಂಡ್ಲಾದ ಕನಿಷ್ಠ ಮೂರು ಪಟ್ಟು ಪ್ರದೇಶದಲ್ಲಿ ಮತ್ತೆ ನೆಡಬೇಕು. ನಗರಸಭೆಯವರು ಸಾರ್ವಜನಿಕ ಸೌಕರ್ಯದ ಹೆಸರಿನಲ್ಲಿ ಅನುಮತಿ ಕೇಳಬಹುದು. ಬೇರೆ ಜಾಗವಿದ್ದೂ ಇದನ್ನೇ ಆರಿಸಿದ್ದು ಅಸಾಧಾರಣ ಸಂದರ್ಭ ಹೇಗಾಗುತ್ತದೆ ಎಂದು ಆಗ ನಾವು ಕೇಳಬೇಕು.

ಕೊನೆಯದಾಗಿ ಭಾಷೆಯ ವಿಷಯ. ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿತವಾದ ನಮ್ಮ ಕಡೆ, ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಮತ್ತು ಕನ್ನಡದಲ್ಲಿಯೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿಯೂ ಅಹವಾಲನ್ನು ನಮ್ಮ ಭಾಷೆಯಲ್ಲಿ ಸಲ್ಲಿಸಲು ಅವಕಾಶ ಕೊಡುತ್ತದೆ. ಬೈಲಿನ ಹಿರಿಯರಲ್ಲಿ ಹಲವರು ಕನ್ನಡ ಮಾತ್ರ ಓದಬಲ್ಲರು; ಅವರ ತೋಟದ ಬಗೆಗಿನ ವರದಿಯನ್ನು ಅವರು ಓದಲಾಗದಂತೆ ಪ್ರಕಟಿಸಿದರೆ ಅದನ್ನು ಪ್ರಕಟಣೆಯೆಂದು ಒಪ್ಪಬೇಕಾಗಿಲ್ಲ. ಆಕ್ಷೇಪಣೆಯನ್ನು ಕನ್ನಡದಲ್ಲಿಯೇ ಬರೆದು, ಮಲಯಾಳಂ ಪ್ರತಿಯನ್ನೂ ಜೊತೆಗಿಡೋಣ, ಏಕೆಂದರೆ ಆಚೆದಡದಲ್ಲಿಯೂ ಈಚೆಯಲ್ಲಿಯೂ ಮಲಯಾಳಂ ಮಾತಾಡುವ ನೆರೆಯವರು ನಮ್ಮೊಂದಿಗೆ ಸಹಿ ಹಾಕಬೇಕಾದವರು.

ಊರುಬಿಟ್ಟವ:

ನಾನು ಬೆಂಗಳೂರಿನಲ್ಲಿದ್ದೇನೆ, ಮನೆ ಊರಲ್ಲಿದೆ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಯನ್ನು ವಿರೋಧಿಸಿ ಅಕ್ಟೋಬರ್ 16ರಂದು ನಡೆದ ಮಾನವ ಸರಪಳಿಯಲ್ಲಿ ನಾನೂ ನಿಂತಿದ್ದೆ. ನೂರಾರು ಮರಗಳು ಉರುಳುತ್ತಿದ್ದ, 1,791 ಕೋಟಿ ರೂಪಾಯಿಯ ಆ ಯೋಜನೆಯನ್ನು ಸರ್ಕಾರ 2017ರ ಮಾರ್ಚ್‌ನಲ್ಲಿ ಕೈಬಿಟ್ಟಿತು. ಅಲ್ಲಿ ಜನ ಹಿಡಿದುಕೊಂಡದ್ದು ಮರಗಳ ವಿಷಯವನ್ನು ಮಾತ್ರವಲ್ಲ. ಯೋಜನೆಯ ವರದಿಯನ್ನು ಜನರ ಮುಂದಿಡಲಿಲ್ಲ, ಅಭಿಪ್ರಾಯ ಕೇಳಲು ಕೊಟ್ಟ ಕಾಲ ಸಾಲದು ಎಂಬ ಮಾತನ್ನು ಎಲ್ಲರೂ ಒಂದೇ ಧ್ವನಿಯಲ್ಲಿ ಹೇಳಿದರು, ಜೊತೆಗೆ ಬಸ್ಸು, ಉಪನಗರ ರೈಲುಗಳಂಥ ಬದಲಿಯನ್ನೂ ಮುಂದಿಟ್ಟರು. ನಮ್ಮ ಜಿಲ್ಲೆಯವರಿಗೆ ಇನ್ನೂ ಹತ್ತಿರದ ಅನುಭವವೆಂದರೆ ತಿರುವನಂತಪುರದಿಂದ ಕಾಸರಗೋಡಿನವರೆಗಿನ ಸಿಲ್ವರ್‌ಲೈನ್ ರೈಲು ಯೋಜನೆ. 2022ರಲ್ಲಿ ಹಳದಿ ಕಲ್ಲುಗಳನ್ನು ನೆಟ್ಟಲ್ಲೆಲ್ಲ ಪ್ರತಿಭಟನೆ ನಡೆದು, ಅದೇ ವರ್ಷದ ಮೇ ತಿಂಗಳಲ್ಲಿ ಕಲ್ಲು ನೆಡುವುದನ್ನು ಬಿಟ್ಟು ಬೇರೆ ವಿಧಾನಕ್ಕೆ ಹೋಗಬೇಕಾಯಿತು. ಹೇಳಬೇಕೆನಿಸಿದ್ದು ಇಷ್ಟೇ: ಗೂಟಗಳನ್ನು ಯಾರೂ ಕೀಳಬೇಡಿ. ಕಿತ್ತರೆ ಚರ್ಚೆ ಗೂಟದ ಮೇಲೆ ನಡೆಯುತ್ತದೆ, ಪೊಲೀಸು ಕೇಸಿನ ಮೇಲೆ ನಡೆಯುತ್ತದೆ. ಗೂಟಗಳ ಫೋಟೋ ತೆಗೆದು, ಸರ್ವೆ ನಂಬರಿನೊಂದಿಗೆ ಪಟ್ಟಿ ಮಾಡಿ ಆಕ್ಷೇಪಣೆಗೆ ಲಗತ್ತಿಸಿ.

ಆಚೆದಡ:

ಎಲ್ಲರ ಬರಹವನ್ನೂ ನಿಧಾನವಾಗಿ ಓದಿದೆ. ಮುರಕಲ್ಲಿನ ದಡದ ಜಾಗವನ್ನು ನಮ್ಮ ಕಡೆಯ ಕೆಲವರಿಗೆ ತೋರಿಸಿಯೂ ಬಂದೆ. ಅಲ್ಲಿ ಸೇತುವೆಯಾದರೆ ನಮಗೆ ಸಾಕು ಎಂದು ಹೆಚ್ಚಿನವರು ಹೇಳಿದರು. ಒಬ್ಬಿಬ್ಬರು ಹಿರಿಯರು ಮಾತ್ರ, ಬದಲಿ ಜಾಗವೆಂದು ಹೇಳಿ ಇದನ್ನು ತಪ್ಪಿಸಿದ ಮೇಲೆ ಅದೂ ಆಗುವುದಿಲ್ಲ, ಇದೂ ಆಗುವುದಿಲ್ಲ ಎಂದರು. ಅವರ ಸಂಶಯಕ್ಕೆ ಕಾರಣವಿದೆ. ಅಳಿವೆಯ ಸೇತುವೆ ಬೇಡ ಎಂಬ ಸಾಲಿನಲ್ಲಿ ನಿಮ್ಮ ಅರ್ಜಿ ನಿಂತರೆ ನಾವು ಸಹಿ ಹಾಕುವುದಿಲ್ಲ. ಮೇಲಿನ ಜಾಗದ ಪರಿಶೀಲನೆ ನಿಗದಿತ ಅವಧಿಯಲ್ಲಿ ಮುಗಿಯಬೇಕು, ಅಲ್ಲಿಯವರೆಗೆ ಕಡವಿಗೆ ಜೀವರಕ್ಷಕ ಜಾಕೆಟ್‌ಗಳಿರುವ ಯಂತ್ರದ ದೋಣಿ ಬೇಕು, ನಮ್ಮ ದಡದಲ್ಲಿಯೇ ರಾತ್ರಿ ನಿಲ್ಲುವ ಒಂದು ಆ್ಯಂಬುಲೆನ್ಸ್ ಬೇಕು ಎಂಬಿಷ್ಟನ್ನು ಮೊದಲ ಪುಟದಲ್ಲಿಯೇ ಬರೆಯಬೇಕು.

ಹಳೇಶಾಲೆ:

ಆಚೆದಡದವರ ಮಾತು ನ್ಯಾಯವಾದದ್ದು. ಶಾಲೆಯ ಮಕ್ಕಳ ಬಗ್ಗೆ ಒಂದು ಸಲಹೆಯಿದೆ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಅಲ್ಲಿಂದ ಮುಂದೆ ಹಲವು ರಾಜ್ಯಗಳಲ್ಲಿ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಬಂತು. ಆ ಪಯಸ್ವಿನಿಯೇ ಕೆಳಗೆ ಬಂದು ಚಂದ್ರಗಿರಿಯನ್ನು ಸೇರುವುದು. ನಡೆದು ದಾಟುವ ಕಿರಿದಾದ ಸೇತುವೆಗೆ ಏರಿ ಬೇಡ, ಲಾರಿ ಬರುವುದಿಲ್ಲ. ಕಡವಿನ ಹತ್ತಿರ ಅಂಥದ್ದೊಂದನ್ನು ಕೇಳಬಹುದೇ?

ಮುರಕಲ್ಲು:

ಕೇಳಬಹುದು, ಆದರೆ ಒಂದು ಎಚ್ಚರಿಕೆಯೊಂದಿಗೆ. ಅಳಿವೆಯ ಉಪ್ಪುಗಾಳಿಗೆ ಉಕ್ಕಿನ ಹಗ್ಗ ಬೇಗ ತುಕ್ಕು ಹಿಡಿಯುತ್ತದೆ. ವರ್ಷವರ್ಷವೂ ತಪಾಸಣೆ, ಗ್ರೀಸು, ಬೇಕಾದಾಗ ಬದಲಾವಣೆ ಆಗಬೇಕು. ನಿರ್ವಹಣೆಗೆ ಪ್ರತ್ಯೇಕ ಹಣವಿಡದೆ ತೂಗುಸೇತುವೆ ಕೇಳುವುದು ಅಪಾಯಕಾರಿ. ಕಾಲುಸೇತುವೆ ರಸ್ತೆ ಸೇತುವೆಗೆ ಬದಲಿಯೂ ಅಲ್ಲ. ರೋಗಿಯನ್ನು ಅದರ ಮೇಲೆ ಸಾಗಿಸಲಾಗದು. ಮೇಲಿನ ಜಾಗದ ರಸ್ತೆ ಸೇತುವೆಯ ಜೊತೆಗೆ ಇದನ್ನು ಕೇಳುವುದಾದರೆ ಅಡ್ಡಿಯಿಲ್ಲ.

ಅಳಿವೆಕರೆ:

ಎಲ್ಲರ ಮಾತನ್ನೂ ಸೇರಿಸಿ ಆಕ್ಷೇಪಣೆಯ ಮುಖ್ಯಭಾಗವನ್ನು ಹೀಗೆ ಬರೆದಿದ್ದೇನೆ. ತಿದ್ದುಪಡಿಗಳಿದ್ದರೆ ಇಲ್ಲಿಯೇ ತಿಳಿಸಿ.

“ಹೊಳೆಯ ಎರಡೂ ದಡಗಳ ನಿವಾಸಿಗಳಾದ ನಾವು, ಎರಡೂ ದಡಗಳನ್ನು ಕೂಡಿಸುವ ರಸ್ತೆ ಸೇತುವೆಯ ಅಗತ್ಯವನ್ನು ಒಪ್ಪುತ್ತೇವೆ. ಆಚೆದಡದ ನಿವಾಸಿಗಳಿಗೆ ಮಳೆಗಾಲದಲ್ಲಿ ಆಸ್ಪತ್ರೆ ಮತ್ತು ಶಾಲೆಯನ್ನು ತಲುಪುವ ದಾರಿ ತಕ್ಷಣ ಬೇಕಾಗಿರುವುದರಿಂದ, ಕಡವಿಗೆ ಸುರಕ್ಷಿತವಾದ ಯಂತ್ರದ ದೋಣಿಯನ್ನೂ ಆ ದಡದಲ್ಲಿ ರಾತ್ರಿ ನಿಲ್ಲುವ ಆ್ಯಂಬುಲೆನ್ಸನ್ನೂ ಮುಂದಿನ ಮಳೆಗಾಲಕ್ಕೆ ಮೊದಲು ಒದಗಿಸಬೇಕೆಂದು ಕೋರುತ್ತೇವೆ. ಅಳಿವೆಯ ಬಳಿ ಬೈಲಿನ ಮೂಲಕ ಮಣ್ಣಿನ ಏರಿಯ ಮೇಲೆ ಹಾದುಹೋಗುವ ಈಗಿನ ಪ್ರಸ್ತಾವವನ್ನು ನಾವು ವಿರೋಧಿಸುತ್ತೇವೆ. ಹೊಳೆ ತಿರುಗುವಲ್ಲಿನ ಮುರಕಲ್ಲಿನ ದಡದ ಜಾಗವನ್ನು ಬೋರ್‌ಹೋಲ್ ಮತ್ತು ಪ್ರವಾಹದ ಅಧ್ಯಯನದೊಂದಿಗೆ ಪರಿಶೀಲಿಸಿ, ಎರಡೂ ಜಾಗಗಳ ಹೋಲಿಕೆಯನ್ನು ಆರು ತಿಂಗಳೊಳಗೆ ಪ್ರಕಟಿಸಬೇಕು. ನಕ್ಷೆ, ವಾಹನಗಳ ಎಣಿಕೆ, ಕೂಡುರಸ್ತೆಯ ಪೂರ್ಣ ವಿವರ ಮತ್ತು ಸಾಮಾಜಿಕ ಪರಿಣಾಮದ ವರದಿಯನ್ನು ಕನ್ನಡದಲ್ಲಿಯೂ ಮಲಯಾಳಂನಲ್ಲಿಯೂ ನೀಡಿ, ವಾರ್ಡ್ ಸಭೆಯಲ್ಲಿ ಓದಿ ಹೇಳುವವರೆಗೆ ಯಾವುದೇ ಭೂಮಿಯಲ್ಲಿ ಗುರುತು ಹಾಕಬಾರದು. ಮರುವಾಯಿ ಹೆಕ್ಕುವ ಮತ್ತು ಬಲೆ ಬೀಸುವ ಕುಟುಂಬಗಳನ್ನು ಬಾಧಿತ ಕುಟುಂಬಗಳೆಂದು ಅಧ್ಯಯನದಲ್ಲಿ ದಾಖಲಿಸಬೇಕು.”

ಬೈಲುಮನೆ:

ಒಂದು ಸೇರ್ಪಡೆ: ಯಾವ ಜಾಗದಲ್ಲಿ ಸೇತುವೆಯಾದರೂ, ಕಾಮಗಾರಿಗೆ ಹಾಕಿದ ಮಣ್ಣಿನ ದಂಡೆಯನ್ನು ಮೇ ತಿಂಗಳ ಕೊನೆಯೊಳಗೆ ಪೂರ್ತಿ ತೆಗೆಯಬೇಕೆಂದೂ, ತೆಗೆದದ್ದನ್ನು ವಾರ್ಡಿನ ಪ್ರತಿನಿಧಿಗಳು ನೋಡಿ ಸಹಿ ಮಾಡಬೇಕೆಂದೂ ಬರೆಯಿರಿ.

ಆಚೆದಡ:

ಬೈಲುಮನೆಯವರ ಸೇರ್ಪಡೆಗೆ ನಮ್ಮ ಒಪ್ಪಿಗೆಯಿದೆ. ಆರು ತಿಂಗಳು ಎಂಬುದನ್ನು ನಾಲ್ಕು ಎಂದು ಮಾಡಬೇಕು. ಆರು ಎಂದು ಬರೆದರೆ ಮತ್ತೊಂದು ಮಳೆಗಾಲದೊಳಗೆ ಹೋಗಿ ಬೀಳುತ್ತದೆ. ಈ ತಿದ್ದುಪಡಿಯಾದರೆ ನಮ್ಮ ದಡದ ಸಹಿಗಳನ್ನು ನಾನೇ ಮನೆಮನೆಗೆ ಹೋಗಿ ಪಡೆಯುತ್ತೇನೆ.

ಅಳಿವೆಕರೆ:

ಎರಡನ್ನೂ ಸೇರಿಸಿದ್ದೇನೆ. ಮಲಯಾಳಂ ಪ್ರತಿಯನ್ನು ಕಾಯಿದೆಪುಸ್ತಕ ಅವರು ಸಿದ್ಧಪಡಿಸುತ್ತಿದ್ದಾರೆ. ಗೂಟಗಳ ಫೋಟೋ ಮತ್ತು ಸರ್ವೆ ನಂಬರುಗಳನ್ನು ತೋಟದವರು ಬೈಲುಮನೆಯವರಿಗೆ ತಲುಪಿಸಬೇಕು. ಮರುವಾಯಿಯ ಹೆಂಗಸರಿಗೆ ಅರ್ಜಿಯನ್ನು ಓದಿ ಹೇಳಲು ಇಳಿತ ಮುಗಿದು ಅವರು ದಡಕ್ಕೆ ಬರುವ ಹೊತ್ತಿನಲ್ಲಿ ನಾನು ಕಡವಿನ ಬಳಿ ಇರುತ್ತೇನೆ. ಜೊತೆಗೆ ಬರಬಲ್ಲವರು ತಿಳಿಸಿ.